ಬಿಡಿಭಾಗಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ವಿವರ

ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಹಾಯಿಸುತ್ತಿರುವಾಗ ಮೋಟಾರಿನ ಬೇರಿಂಗು ಸವೆದು ನಿಂತಿತೆಂದು ಇಟ್ಟುಕೊಳ್ಳೋಣ. ಗುಬ್ಬಿ ಕಡೆಯ ರೈತರೊಬ್ಬರು ಬಸ್ಸು ಹಿಡಿದು ತುಮಕೂರಿಗೆ ಹೋಗಿ, "25 ಮಿ.ಮೀ. ತೂತಿನ ಬೇರಿಂಗು ಕೊಡಿ" ಎಂದು ಕೇಳಿ ತರುತ್ತಾರೆ. ಮನೆಗೆ ಬಂದು ನೋಡಿದರೆ ಒಳತೂತು ದಂಡಕ್ಕೆ ಸರಿಯಾಗಿದೆ, ಹೊರಸುತ್ತು ಮಾತ್ರ ಗೂಡಿನೊಳಗೆ ಇಳಿಯದು. ಮತ್ತೊಂದು ಪ್ರಯಾಣ, ಮತ್ತೊಂದು ದಿನ ನೀರಿಲ್ಲ. ಇಲ್ಲಿ ತಪ್ಪು ಬೇರಿಂಗಿನದಲ್ಲ, ಅದರ ಸಂಖ್ಯೆಯನ್ನು ಹೇಳದಿದ್ದುದು. ಬಿಡಿಭಾಗಗಳಿಗೆ ಸಂಖ್ಯೆ ಏಕೆ, ಯಂತ್ರ ತಯಾರಿಸುವವರು ಅದನ್ನು ಹೇಗೆ ಕೊಡುತ್ತಾರೆ, ರೈತರು ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಸರ್ವೆ ನಂಬರಿನ ಪಾಠ

ನಿಮ್ಮ ಜಮೀನಿಗೆ ಸರ್ವೆ ನಂಬರು ಇದೆ. ಆ ನಂಬರು ಒಡೆಯರು ಯಾರು, ಬೆಳೆ ಯಾವುದು ಎಂದು ಹೇಳುವುದಿಲ್ಲ. ಗ್ರಾಮದಲ್ಲಿ ಆ ಜಮೀನು ಯಾವುದೆಂದು ಗುರುತಿಸುತ್ತದೆ, ಅಷ್ಟೆ. ಒಡೆಯರ ಹೆಸರು, ವಿಸ್ತೀರ್ಣ, ಬೆಳೆ ಇವೆಲ್ಲ ಪಹಣಿಯಲ್ಲಿರುತ್ತವೆ. ಬೆಳೆಯ ಹೆಸರನ್ನು ನಂಬರಿನೊಳಗೇ ಸೇರಿಸಿದ್ದರೆ ರಾಗಿ ಬಿಟ್ಟು ಹುರುಳಿ ಬಿತ್ತಿದ ವರ್ಷ ನಂಬರನ್ನೇ ಬದಲಿಸಬೇಕಾಗುತ್ತಿತ್ತು. ಬಿಡಿಭಾಗಕ್ಕೂ ಇದೇ ನಿಯಮ ಒಳ್ಳೆಯದು: ಸಂಖ್ಯೆ ಗುರುತಿಗೆ, ವಿವರ ತಿಳಿವಳಿಕೆಗೆ.

ಸಂಖ್ಯೆಯಲ್ಲೇ ಅರ್ಥ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಬೇರಿಂಗನ್ನೇ ನೋಡಿ. 6205 ಎಂಬುದರಲ್ಲಿ 6 ಎಂದರೆ ಗುಂಡುಗಳ ಸಾಮಾನ್ಯ ಬೇರಿಂಗು, 2 ಎಂದರೆ ಅದರ ಸರಣಿ. ಕೊನೆಯ 05 ಅನ್ನು 5ರಿಂದ ಗುಣಿಸಿದರೆ ಒಳತೂತು 25 ಮಿ.ಮೀ. ಬರುತ್ತದೆ. 6305ರ ಒಳತೂತೂ 25 ಮಿ.ಮೀ. ಆದರೆ 6205ರ ಹೊರಸುತ್ತಿನ ವ್ಯಾಸ 52, ದಪ್ಪ 15 ಮಿ.ಮೀ.; 6305ರದು 62 ಮತ್ತು 17 ಮಿ.ಮೀ. ಮೇಲೆ ಹೇಳಿದ ರೈತರು ಮೋಸಹೋದದ್ದು ಇಲ್ಲಿಯೇ. ಈ ಲೆಕ್ಕವೂ ಎಲ್ಲೆಡೆ ನಡೆಯುವುದಿಲ್ಲ. 00, 01, 02, 03 ಎಂದಿದ್ದರೆ ಒಳತೂತು ಕ್ರಮವಾಗಿ 10, 12, 15, 17 ಮಿ.ಮೀ.; 04ರಿಂದ ಮುಂದೆ ಮಾತ್ರ ಗುಣಾಕಾರ ಹೊಂದುತ್ತದೆ. 22 ಮಿ.ಮೀ. ತೂತಿಗೆ 62/22 ಎಂದು ಗೆರೆ ಹಾಕಿ ಬರೆಯಬೇಕಾಯಿತು. ಅರ್ಥ ತುಂಬಿದ ಸಂಖ್ಯೆಗೆ ಅಪವಾದಗಳು ತಪ್ಪುವುದಿಲ್ಲ.

ಗಣಕಯಂತ್ರದ ನಕ್ಷೆಯಲ್ಲಿ

ಇಂದು ಯಂತ್ರಗಳ ನಕ್ಷೆಯನ್ನು ಗಣಕಯಂತ್ರದಲ್ಲಿ ತಯಾರಿಸುತ್ತಾರೆ. ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಮತ್ತು ವಸಂತನರಸಾಪುರ, ಕುಣಿಗಲ್ಲಿನ ಅಂಚೇಪಾಳ್ಯ ಇಂಥ ಕೈಗಾರಿಕಾ ಪ್ರದೇಶಗಳಿಗೆ ನಮ್ಮ ಹಳ್ಳಿಗಳ ಯುವಕರೂ ಕೆಲಸಕ್ಕೆ ಹೋಗುತ್ತಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರೇ ಆಗಲಿ, ಕಲ್ಟಿವೇಟರೇ ಆಗಲಿ, ಬಿಡಿಭಾಗಗಳ ಲೆಕ್ಕ ಶುದ್ಧವಾಗಿರಲೇಬೇಕು.

ಒಂಬತ್ತು ಹಲ್ಲಿನ ಕಲ್ಟಿವೇಟರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ರತಿ ಗುಳಕ್ಕೆ ಎರಡರಂತೆ 18 ಬೋಲ್ಟುಗಳು ಬೇಕು. ಬೋಲ್ಟಿನ ನಕ್ಷೆಯನ್ನು 18 ಸಲ ಬರೆಯುವುದಿಲ್ಲ. ಒಮ್ಮೆ ಬರೆದು, ಒಂದು ಸಂಖ್ಯೆ ಕೊಟ್ಟು, ಜೋಡಣೆಯ ನಕ್ಷೆಯಲ್ಲಿ 18 ಕಡೆ ಇರಿಸುತ್ತಾರೆ. ಗಣಕಯಂತ್ರ ಅದನ್ನು ಎಣಿಸಿ ಬಿಡಿಭಾಗಗಳ ಪಟ್ಟಿ ಮಾಡಿಕೊಡುತ್ತದೆ. ಖರೀದಿ, ಉಗ್ರಾಣ, ಕೊನೆಗೆ ನಿಮ್ಮ ಕೈಗೆ ಬರುವ ಬಿಡಿಭಾಗಗಳ ಪುಸ್ತಕ, ಇವಕ್ಕೆಲ್ಲ ಆ ಪಟ್ಟಿಯೇ ಆಧಾರ. ಮೊದಲಲ್ಲಿ ಆದ ತಪ್ಪು ಹೊಲದವರೆಗೂ ಬರುತ್ತದೆ.

ಸಣ್ಣ ವರ್ಕ್‌ಷಾಪ್ ನಡೆಸುವವರು ಅನುಸರಿಸಬೇಕಾದ ಕ್ರಮಗಳು:

1. ಸಂಖ್ಯೆಗಳನ್ನು 1001, 1002 ಎಂದು ಸಾಲಾಗಿ ಕೊಡಬೇಕು. ಒಂದು ಭಾಗಕ್ಕೆ ಒಂದೇ ಸಂಖ್ಯೆ.

2. ವಿವರದಲ್ಲಿ ವಸ್ತುವಿನ ಹೆಸರು ಮೊದಲು, ಬಗೆ ಅನಂತರ, ಅಳತೆ ಕೊನೆಗೆ ಬರಬೇಕು. ಉದಾ: "ಬೋಲ್ಟು, ಆರುಮೂಲೆ ತಲೆ, ಎಂ 10 × 50". ಒಬ್ಬರು "ಹತ್ತರ ಬೋಲ್ಟು", ಇನ್ನೊಬ್ಬರು "ಗುಳದ ಬೋಲ್ಟು" ಎಂದು ಬರೆದರೆ ಗಣಕಯಂತ್ರಕ್ಕೆ ಅವು ಎರಡು ವಸ್ತುಗಳೇ. ಹಾಗಾದಾಗ ಉಗ್ರಾಣದಲ್ಲಿ ದಾಸ್ತಾನಿದ್ದರೂ ಮತ್ತೆ ಕೊಳ್ಳುತ್ತಾರೆ.

3. ಭಾಗವನ್ನು ತಿದ್ದಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹಳೆಯದರ ಜಾಗದಲ್ಲಿ ಹೊಸದು, ಹೊಸದರ ಜಾಗದಲ್ಲಿ ಹಳೆಯದು ಕೂತು ಅದೇ ಕೆಲಸ ಮಾಡುತ್ತದೆಯೇ? ಮಾಡುವುದಾದರೆ ಸಂಖ್ಯೆ ಹಾಗೆಯೇ ಇರಲಿ, ತಿದ್ದುಪಡಿಯ ಅಕ್ಷರ ಮಾತ್ರ ಬದಲಾಗಲಿ. ಗುಳದ ಬಣ್ಣ ಬದಲಾದರೆ ಹೊಸ ಸಂಖ್ಯೆ ಬೇಡ. ಅದರ ತೂತುಗಳ ಅಂತರ ಬದಲಾದರೆ ಬೇಕೇ ಬೇಕು.

4. ಕೈಬಿಟ್ಟ ಸಂಖ್ಯೆಯನ್ನು ಬೇರೆ ಭಾಗಕ್ಕೆ ಎಂದೂ ಕೊಡಬಾರದು. ಹಳೆಯ ಯಂತ್ರ ಯಾರದೋ ಹೊಲದಲ್ಲಿ ಇನ್ನೂ ದುಡಿಯುತ್ತಿರುತ್ತದೆ.

ರೈತರು ಮಾಡಬೇಕಾದುದು

ಯಂತ್ರ ಕೊಂಡ ದಿನವೇ ಫಲಕದ ಮೇಲಿನ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬಿಡಿಭಾಗಗಳ ಪುಸ್ತಕವನ್ನು ಕೇಳಿ ಪಡೆಯಿರಿ. ಹಳೆಯ ಬೇರಿಂಗನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದರೆ ಪಕ್ಕದಲ್ಲಿ ಕೊರೆದ ಸಂಖ್ಯೆ ಕಾಣುತ್ತದೆ. ಅದರ ಮುಂದಿರುವ ಅಕ್ಷರಗಳನ್ನೂ ಬಿಡದೆ ಬರೆದುಕೊಳ್ಳಿ: "ಝಡ್‌ಝಡ್" ಎಂದರೆ ಎರಡೂ ಪಕ್ಕ ಲೋಹದ ಮುಚ್ಚಳ, "2ಆರ್‌ಎಸ್" ಎಂದರೆ ಎರಡೂ ಪಕ್ಕ ರಬ್ಬರಿನ ಮುಚ್ಚಳ. ವಿ ಬೆಲ್ಟಿನ ಮೇಲೆ ಬಿ-52 ಎಂದಿದ್ದರೆ, ಬಿ ಎಂಬುದು 17 ಮಿ.ಮೀ. ಅಗಲದ ಬಗೆ, 52 ಎಂಬುದು ಅಂಗುಲಗಳಲ್ಲಿ ಒಳಸುತ್ತಿನ ಉದ್ದ. ಬೆಲ್ಟು ಸವೆದು ಅಕ್ಷರ ಅಳಿಸಿಹೋಗುವ ಮೊದಲೇ ಬರೆದಿಟ್ಟರೆ ಲಾಭ. ಪೇಟೆಗೆ ಹೋಗುವಾಗ ಈ ಚೀಟಿಯ ಜೊತೆ ಹಳೆಯ ಭಾಗವನ್ನೂ ಒಯ್ಯಿರಿ.

ಮುಂಗಾರಿಗೆ ಮುನ್ನ ಬಿಡುವಿನ ಒಂದು ಸಂಜೆ ಇದಕ್ಕೆ ಸಾಕು. ರಾಗಿ ಬಿತ್ತನೆಯ ಹದ ತಪ್ಪಿದರೆ ಮತ್ತೆ ಸಿಗುವುದಿಲ್ಲ. ನಾಲ್ಕು ಅಂಕಿ ಬರೆದಿಡದ ಕಾರಣಕ್ಕೆ ಆ ಹದ ಕೈತಪ್ಪಬಾರದು.