ಮಣ್ಣಿನ ತೇವ, ಉಪ್ಪು ಮತ್ತು ಒಂದು ಚೀಲ ಯೂರಿಯಾದ ಲೆಕ್ಕ

ಸಕಲೇಶಪುರ ತಾಲ್ಲೂಕಿನ ಬೆಳಗೋಡು ಹೋಬಳಿಯ ಭೂಮಿಗೆ ಉಪ್ಪಿನ ಕಾಟವಿಲ್ಲ. ವರ್ಷಂಪ್ರತಿ ಸುರಿಯುವ ಮುಂಗಾರು ಮಳೆಯು ಮಣ್ಣಿನಲ್ಲಿ ಕರಗುವ ಲವಣಗಳನ್ನೆಲ್ಲ ತೊಳೆದು ಹಳ್ಳಕೊಳ್ಳಗಳ ಮೂಲಕ ಸಾಗಿಸಿಬಿಡುತ್ತದೆ. ಸುಣ್ಣದಂಶವೂ ಅದರೊಡನೆ ಹೋಗುವುದರಿಂದ ಇಲ್ಲಿಯ ಮಣ್ಣು ಆಮ್ಲೀಯವಾಗಿದೆ. ಆದುದರಿಂದ ಮಣ್ಣಿನ ಲವಣಾಂಶ, ತೇವಾಂಶ ಮತ್ತು ಹಸಿರುಮನೆ ಅನಿಲಗಳ ಸಂಬಂಧ ಕುರಿತ ಚರ್ಚೆ ತಮಗೆ ಸೇರಿದ್ದಲ್ಲವೆಂದು ನಮ್ಮ ಭಾಗದ ಕಾಫಿ, ಗೊಬ್ಬರ ಹಾಗೂ ಭತ್ತದ ವರ್ತಕರು ಭಾವಿಸುವುದು ಸಹಜ. ಆದರೆ ತೇವಾಂಶವೊಂದೇ ಈ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಲೆಕ್ಕ ಕೇಳುವವರೂ ಈಗ ಇದ್ದಾರೆ. ಷೇರುಪೇಟೆಯ ಮೊದಲ 1000 ಕಂಪೆನಿಗಳು 2022-23ನೇ ಸಾಲಿನಿಂದ ಸುಸ್ಥಿರತೆಯ ವರದಿ ಸಲ್ಲಿಸುವುದನ್ನು ಸೆಬಿ ಕಡ್ಡಾಯಗೊಳಿಸಿದೆ. ದೊಡ್ಡ ಖರೀದಿದಾರರು ತಾವು ಕೊಳ್ಳುವ ಬೀಜದ ಹಿಂದಿರುವ ಅನಿಲವನ್ನೂ ಲೆಕ್ಕಕ್ಕೆ ತರಹೊರಟಾಗ ಪ್ರಶ್ನೆ ಸರಬರಾಜುದಾರನ ಬಾಗಿಲಿಗೇ ಬರುತ್ತದೆ.

ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸುವುದು ಒಳಿತು. ಐರೋಪ್ಯ ಒಕ್ಕೂಟವು 2023ರಲ್ಲಿ ಜಾರಿಗೆ ತಂದ ಅರಣ್ಯನಾಶ ವಿರೋಧಿ ಕಾನೂನು ಕಾಫಿಗೆ ಅನ್ವಯಿಸುತ್ತದೆಯಾದರೂ ಅದು ಕೇಳುವುದು ತೋಟದ ಸ್ಥಳ ಮತ್ತು ಅರಣ್ಯದ ಇತಿಹಾಸವನ್ನೇ ಹೊರತು ಮಣ್ಣಿನ ಅನಿಲವನ್ನಲ್ಲ. ಎರಡನ್ನೂ ಒಂದೇ ಕಡತದಲ್ಲಿ ಸೇರಿಸಿಕೊಂಡು ಗಾಬರಿಯಾಗಬೇಕಾದುದಿಲ್ಲ.

ಮಣ್ಣಿನ ಕಣಗಳ ನಡುವಿನ ರಂಧ್ರಗಳಲ್ಲಿ ಗಾಳಿ ಮತ್ತು ನೀರು ಜಾಗ ಹಂಚಿಕೊಂಡಿರುತ್ತವೆ. ರಂಧ್ರಗಳು ಸುಮಾರು ಶೇ. 60ಕ್ಕಿಂತ ಕಡಿಮೆ ನೀರು ತುಂಬಿದ್ದಾಗ ಸೂಕ್ಷ್ಮಜೀವಿಗಳು ಗೊಬ್ಬರದ ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಶೇ. 60ರಿಂದ 80ರ ನಡುವೆ ಗಾಳಿಯ ಕೊರತೆಯಾಗಿ, ಬೇರೆ ಜೀವಾಣುಗಳು ನೈಟ್ರೇಟಿನಿಂದಲೇ ಉಸಿರಾಡತೊಡಗುತ್ತವೆ. ನೈಟ್ರಸ್ ಆಕ್ಸೈಡ್ ಹೆಚ್ಚಾಗಿ ಹೊರಬೀಳುವುದು ಈ ಹಂತದಲ್ಲಿ. ನೀರು ಇನ್ನೂ ಹೆಚ್ಚಿದರೆ ಅದು ನಿರುಪದ್ರವಿ ಸಾರಜನಕವಾಗಿ ಮುಗಿಯುತ್ತದೆ. ಆದರೆ ಆಮ್ಲೀಯ ಮಣ್ಣಿನಲ್ಲಿ ಈ ಕೊನೆಯ ಹಂತದ ಕಿಣ್ವ ಸರಿಯಾಗಿ ಕೆಲಸ ಮಾಡದು. ಅನಿಲ ಅರ್ಧದಾರಿಯಲ್ಲೇ ತಪ್ಪಿಸಿಕೊಳ್ಳುತ್ತದೆ. ನಮ್ಮ ಕಾಫಿ ತೋಟಗಳ ತೊಡಕು ಇದೇ. ಬೇಸಿಗೆಯಲ್ಲಿ ಒಣಗಿದ ಮಣ್ಣಿಗೆ ಹೂಮಳೆಯೋ ಸ್ಪ್ರಿಂಕ್ಲರ್ ನೀರೋ ಬಿದ್ದ ಕೆಲವೇ ದಿನಗಳಲ್ಲಿ ಅನಿಲ ಒಮ್ಮೆಗೇ ಉಕ್ಕುತ್ತದೆ. ಗೊಬ್ಬರದ ಕಂತೂ ಅದೇ ಸಮಯಕ್ಕೆ ಬಿದ್ದರಂತೂ ಹೇಳಬೇಕಾದುದಿಲ್ಲ.

ಇದನ್ನು ವ್ಯಾಪಾರದ ಭಾಷೆಯಲ್ಲಿ ನೋಡೋಣ. 45 ಕಿಲೋ ಯೂರಿಯಾ ಚೀಲದಲ್ಲಿ ಶೇ. 46ರಂತೆ 20.7 ಕಿಲೋ ಸಾರಜನಕವಿದೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯು 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಹೆಚ್ಚು ಮಳೆಯ ಪ್ರದೇಶದಲ್ಲಿ ರಾಸಾಯನಿಕ ಗೊಬ್ಬರದ ಸಾರಜನಕದಲ್ಲಿ ಶೇ. 1.6 ಭಾಗ ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹೋಗುತ್ತದೆಂದು ಲೆಕ್ಕ. ಒಣ ಪ್ರದೇಶದಲ್ಲಿ ಅದು ಕೇವಲ ಶೇ. 0.5. ಅಂದರೆ ನಮ್ಮಲ್ಲಿ ಚೀಲವೊಂದಕ್ಕೆ ಸುಮಾರು 0.52 ಕಿಲೋ ನೈಟ್ರಸ್ ಆಕ್ಸೈಡ್. ಈ ಅನಿಲದ ಪ್ರಭಾವ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಹಾಗಾಗಿ ಅದು 142 ಕಿಲೋ ಡೈಆಕ್ಸೈಡಿಗೆ ಸಮ. ಯೂರಿಯಾ ಕರಗುವಾಗ ನೇರವಾಗಿ ಹೊರಡುವ 33 ಕಿಲೋ ಸೇರಿಸಿದರೆ ಒಟ್ಟು 175 ಕಿಲೋ. ಗೊಬ್ಬರದ ತಯಾರಿಕೆ ಮತ್ತು ಸಾಗಾಣಿಕೆಯ ಲೆಕ್ಕ ಇದರಲ್ಲಿಲ್ಲ. ಅದೇ ಚೀಲ ಬಯಲುಸೀಮೆಯ ಒಣ ಭೂಮಿಗೆ ಹೋದರೆ ಮಣ್ಣಿನಿಂದ ಹೊರಡುವ ನೈಟ್ರಸ್ ಆಕ್ಸೈಡ್ ಇದರ ಮೂರನೆಯ ಒಂದಂಶಕ್ಕಿಂತಲೂ ಕಡಿಮೆ.

ಆಮ್ಲೀಯತೆಗೆ ಸುಣ್ಣ ಹಾಕಿದರಾಯಿತಲ್ಲ ಎನ್ನಬಹುದು. ಬೆಳೆಗೆ ಅದು ಅಗತ್ಯವೇ. ಆದರೆ ಅದೇ ಮಾರ್ಗಸೂಚಿಯ ಪ್ರಕಾರ ಒಂದು ಟನ್ ಸುಣ್ಣದಕಲ್ಲಿನ ಪುಡಿಯಿಂದ 440 ಕಿಲೋ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಬರುತ್ತದೆ. ಮಣ್ಣು ಪರೀಕ್ಷೆಯಿಲ್ಲದೆ ಸುಣ್ಣ ಚೆಲ್ಲುವುದು ಎರಡೂ ಕಡೆ ನಷ್ಟ.

ಗದ್ದೆಯ ಕಥೆ ಬೇರೆ. ನಿಂತ ನೀರಿನಡಿ ಗಾಳಿಯೇ ಇಲ್ಲದೆ, ಕೊಳೆಯುವ ಬೇರು ಮತ್ತು ಕೂಳೆಯಿಂದ ಮಿಥೇನ್ ಹುಟ್ಟುತ್ತದೆ. ನೀರನ್ನು ಆಗಾಗ ಬಸಿದು ಮತ್ತೆ ಕಟ್ಟಿದರೆ ಮಿಥೇನ್ ಸುಮಾರು ಶೇ. 45ರಷ್ಟು, ಒಮ್ಮೆ ಮಾತ್ರ ಬಸಿದರೆ ಶೇ. 29ರಷ್ಟು ಇಳಿಯುತ್ತದೆಂದು ಮಾರ್ಗಸೂಚಿಯ ಗುಣಾಂಕಗಳಿಂದ ತಿಳಿಯುತ್ತದೆ. ಜುಲೈ ತಿಂಗಳಲ್ಲಿ ಮಲೆನಾಡಿನ ಕಣಿವೆ ಗದ್ದೆಯ ನೀರನ್ನು ಬಸಿಯಿರೆಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಕೂಲಿಯಾಳುಗಳ ಅಭಾವ ಮತ್ತು ಕಾಡಾನೆಗಳ ಹಾವಳಿಯಿಂದ ಸಕಲೇಶಪುರ, ಆಲೂರು ಭಾಗಗಳಲ್ಲಿ ಪಾಳುಬಿದ್ದ ಗದ್ದೆಗಳೂ ಜವುಗಾಗಿಯೇ ಉಳಿದರೆ ಮಿಥೇನ್ ಬಿಡುತ್ತಲೇ ಇರುತ್ತವೆ. ಬೆಳೆಯಿಲ್ಲದ ಮಾತ್ರಕ್ಕೆ ಅನಿಲವೂ ಇಲ್ಲವೆಂದಲ್ಲ.

ಇನ್ನು ಉಪ್ಪು. ಅದರ ಪ್ರಭಾವ ತಿಳಿಯಲು ಘಟ್ಟದ ಕೆಳಗೆ ಮತ್ತು ಬಯಲಿಗೆ ನೋಡಬೇಕು. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಸಮುದ್ರದ ನೀರು ತರುವ ಸಲ್ಫೇಟನ್ನು ಬಳಸುವ ಜೀವಾಣುಗಳು ಮಿಥೇನ್ ಉತ್ಪಾದಕ ಜೀವಾಣುಗಳ ಆಹಾರವನ್ನು ಕಸಿದುಕೊಳ್ಳುವುದರಿಂದ ಉಪ್ಪುನೀರಿನ ಗದ್ದೆಯಲ್ಲಿ ಮಿಥೇನ್ ಸಾಮಾನ್ಯವಾಗಿ ಕಡಿಮೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರುಗಳಲ್ಲಿ ಸವಳಿಗೆ ಕಾರಣ ಸಮುದ್ರವಲ್ಲ. ನೀರು ಹೆಚ್ಚಾಗಿ, ಬಸಿಗಾಲುವೆ ಸಾಲದೆ ಮೇಲೇರಿದ ಅಂತರ್ಜಲ. ಅಲ್ಲಿ ಉಪ್ಪು ಮಿಥೇನನ್ನು ತಗ್ಗಿಸಿದರೂ ನೈಟ್ರಸ್ ಆಕ್ಸೈಡ್ ಸಾರಜನಕವಾಗುವ ಹಂತವನ್ನು ಅಡ್ಡಿಪಡಿಸಿ ಅದನ್ನು ಹೆಚ್ಚಿಸಬಲ್ಲದು. ಇಳುವರಿ ಕುಸಿಯುವುದರಿಂದ ಕ್ವಿಂಟಾಲ್ ಅಕ್ಕಿಗೆ ಬೀಳುವ ಅನಿಲದ ಪಾಲೂ ಏರುತ್ತದೆ. ಸವಳಿನಿಂದ ಮಿಥೇನ್ ಉಳಿತಾಯವಾಯಿತೆಂದು ಸಂತೋಷಪಡಲು ಕಾರಣವಿಲ್ಲ.

ಕಾಫಿ ವರ್ತಕರು ಮತ್ತು ಗೊಬ್ಬರದ ಅಂಗಡಿಯವರು ಈಗಿನಿಂದಲೇ ಕೂಡಿಡಬೇಕಾದುದು ತೋಟವಾರು ದಾಖಲೆ: ಯಾವ ಗೊಬ್ಬರ, ಎಷ್ಟು ಚೀಲ, ಯಾವ ದಿನಾಂಕ, ಅದರ ಹಿಂದುಮುಂದಿನ ಮಳೆ ಎಷ್ಟು. ಕಾಂಪೋಸ್ಟ್ ಮುಂತಾದ ಸಾವಯವ ಗೊಬ್ಬರದ ಸಾರಜನಕಕ್ಕೆ ಮಳೆಪ್ರದೇಶದ ಗುಣಾಂಕ ಶೇ. 0.6 ಮಾತ್ರ. ಬಿಲ್ಲಿನಲ್ಲಿ ಬರೀ 'ಗೊಬ್ಬರ' ಎಂದು ನಮೂದಿಸಿದರೆ, ಕಾಂಪೋಸ್ಟ್ ಹಾಕಿದ ಬೆಳೆಗಾರನ ಬೀಜಕ್ಕೂ ಶೇ. 1.6ರ ಲೆಕ್ಕವೇ ಅಂಟಿಕೊಳ್ಳುವ ಸಂಭವವಿದೆ.