ಜ್ವರ ಕಟ್ಟಿಸಿದ ದಂಡು

1801ರ ಆರಂಭದಲ್ಲಿ ಸಮೀಕ್ಷೆಗೆ ಹೊರಟಿದ್ದ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ಕಾರ್ಕಳ, ಉಡುಪಿಗಳನ್ನು ಹಾದುಹೋದಾಗ ನಮ್ಮ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಹಿಂದಿನ ವರ್ಷ ಆತ ಬೆಂಗಳೂರನ್ನೂ ನೋಡಿ ಬಂದಿದ್ದ. ಅಲ್ಲಿ ಕೋಟೆಯಿತ್ತು, ನೇಕಾರರಿಂದಲೂ ವರ್ತಕರಿಂದಲೂ ತುಂಬಿದ ಪೇಟೆಯಿತ್ತು. ಪೂರ್ವಕ್ಕೆ ಸೋಮೇಶ್ವರ ದೇವಸ್ಥಾನದ ಹಲಸೂರು. ಇವತ್ತು ನಮ್ಮ ಕಡೆಯ ಹುಡುಗರು ಸಂಜೆ ತಿರುಗಾಡಲು ಹೋಗುವ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್ ಯಾವುದೂ ಇರಲಿಲ್ಲ.

ಕರಾವಳಿ ಕಂಪನಿಗೆ ಸೇರಿದ್ದೂ ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟ್, ಹುಟ್ಟಿದ್ದೂ ಒಂದೇ ಯುದ್ಧದ ಫಲ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕನ್ನಡ ಜಿಲ್ಲೆಗೆ ಕಲೆಕ್ಟರಾಗಿ ಥಾಮಸ್ ಮನ್ರೋ ಬಂದ. ಮೈಸೂರು ಒಡೆಯರಿಗೆ ಮರಳಿತು. ಆದರೆ ರಾಜ್ಯದ ರಕ್ಷಣೆಯ ಹೆಸರಿನಲ್ಲಿ ಕಂಪನಿಯ ಸೈನ್ಯ ಅಲ್ಲಿಯೇ ಉಳಿಯಿತು. ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕೆಂದು ಒಪ್ಪಂದವಾಯಿತು.

ಸೈನ್ಯ ಮೊದಲು ನಿಂತದ್ದು ಶ್ರೀರಂಗಪಟ್ಟಣದಲ್ಲಿ. ಕಾವೇರಿಯ ನಡುವಿನ ಆ ದ್ವೀಪ ಗೆಲ್ಲಲು ಎಷ್ಟು ಕಷ್ಟವಾಗಿತ್ತೋ, ಗೆದ್ದ ಮೇಲೆ ಬದುಕಲು ಅದಕ್ಕಿಂತ ಕಷ್ಟವಾಯಿತು. ಚಳಿಜ್ವರ ಸಿಪಾಯಿಗಳನ್ನು ಸಾಲುಸಾಲಾಗಿ ಮಲಗಿಸಿತು. ಅದಕ್ಕೆ ಕಾರಣ ಸೊಳ್ಳೆ ಎಂಬುದು ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಾಳಿಯೇ ಕೆಟ್ಟದ್ದೆಂದು ನಂಬಿ ಒಳ್ಳೆಯ ಗಾಳಿ ಹುಡುಕಿದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಕಣ್ಣಿಗೆ ಬಿತ್ತು. ಸೇನಾ ಎಂಜಿನಿಯರ್ ಜಾನ್ ಬ್ಲಾಕಿಸ್ಟನ್ ನಕ್ಷೆ ಹಾಕಿದ. 1809ರಲ್ಲಿ ಸೈನ್ಯ ಹಲಸೂರಿನ ಬಯಲಿಗೆ ಬಂದು ನೆಲೆನಿಂತಿತು. ನಡುವೆ ಕವಾಯತು ಮೈದಾನ, ಅದರ ದಕ್ಷಿಣ ಅಂಚಿಗೆ ಸೌತ್ ಪೆರೇಡ್ ಎಂಬ ಬೀದಿ. ಈಗಿನ ಎಂ.ಜಿ. ರಸ್ತೆ ಅದೇ.

ಸೈನ್ಯ ಒಂದೇ ಬರುವುದಿಲ್ಲ. ಸಿಪಾಯಿಗೆ ನೀರು, ಮಾಂಸ, ಬಟ್ಟೆ, ಚಪ್ಪಲಿ ಬೇಕು. ಕುದುರೆಗೆ ಹುರುಳಿ, ಹುಲ್ಲು, ಲಾಳ ಬೇಕು. ಮದ್ರಾಸ್ ಸೈನ್ಯದ ಬೆನ್ನಿಗೇ ಆರ್ಕಾಟಿನ ಕಡೆಯಿಂದ ತಮಿಳರು, ಜೊತೆಗೆ ತೆಲುಗರು, ದಖನಿ ಮಾತಾಡುವ ಮುಸಲ್ಮಾನರು ಬಂದರು. ನೀರು ಹೊತ್ತವರು, ಮಡಿವಾಳರು, ಕಟುಕರು, ಕುದುರೆ ನೋಡಿಕೊಳ್ಳುವವರು, ಗುತ್ತಿಗೆದಾರರು. ಕೆಲವರು ಎತ್ತರಕ್ಕೂ ಏರಿದರು: 1860ರ ದಶಕದಲ್ಲಿ ಅಠಾರ ಕಚೇರಿ ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ತೆರೆದ ಶಾಲೆಗಳು ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿವೆ. ಆದರೆ ಬಹುಪಾಲು ಜನರ ಹೆಸರು ಎಲ್ಲಿಯೂ ಉಳಿದಿಲ್ಲ. 1896ರಲ್ಲಿ ಇಲ್ಲಿಗೆ ಬಂದಿದ್ದ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದದ್ದನ್ನು ಇವತ್ತಿಗೂ ಎಲ್ಲರೂ ಹೇಳುತ್ತಾರೆ. ಅವನ ಕುದುರೆಗೆ ಹುಲ್ಲು ತಂದು ಹಾಕಿದವನಿಗೆ ಎಷ್ಟು ಕೂಲಿ ಸಿಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಈ ಊರಿನ ಕಥೆ ಬರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನನ್ನ ನಂಬಿಕೆ.

ಹಣದ ಮಾತೂ ಹಾಗೆಯೇ. 7 ಲಕ್ಷ ವರಹ ಹುಟ್ಟುತ್ತಿದ್ದದ್ದು ರೈತನ ಕಂದಾಯದಿಂದ. ಆ ಭಾರ ಎಲ್ಲಿಗೆ ಮುಟ್ಟಿತೆಂದು ತಿಳಿಯಲು ಉಡುಪಿಯವರು ದೂರ ನೋಡಬೇಕಿಲ್ಲ. ಹುಲಿಕಲ್ ಘಾಟಿ ಹತ್ತಿದರೆ ಸಿಗುವ ನಗರ, ಅಂದರೆ ಒಂದು ಕಾಲದಲ್ಲಿ ನಮ್ಮ ಬಸ್ರೂರನ್ನೂ ಬಾರಕೂರನ್ನೂ ಆಳಿದ ಕೆಳದಿ ಅರಸರ ಬಿದನೂರು, 1830ರಲ್ಲಿ ಕಂದಾಯದ ಕಿರುಕುಳ ತಾಳದೆ ದಂಗೆ ಎದ್ದಿತು. ಅದನ್ನು ಹತ್ತಿಕ್ಕಲು ಕಂಪನಿಯ ಸೈನ್ಯವೇ ಹೋಯಿತು. ಆ ದಂಗೆಯನ್ನೂ ವಾರ್ಷಿಕ ಹಣ ಬಾಕಿ ಬೀಳುವ ಭಯವನ್ನೂ ಮುಂದೊಡ್ಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಸೈನ್ಯ ಸಾಕಲು ಹಣ ಹಿಂಡಿದ್ದು, ಹಿಂಡಿಸಿಕೊಂಡವರು ತಿರುಗಿಬಿದ್ದಾಗ ಅದೇ ಸೈನ್ಯ ಕಳುಹಿಸಿದ್ದು, ಕೊನೆಗೆ ರಾಜ್ಯವನ್ನೇ ನುಂಗಿದ್ದು: ಬೆಂಗಳೂರಿನ ತಂಪು ಬಂಗಲೆಗಳ ಚಿತ್ರ ನೋಡುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಆಮೇಲೆ ದಂಡು ಬೇಗ ಬೆಳೆಯಿತು. 1864ರಲ್ಲಿ ಜೋಲಾರ್‌ಪೇಟೆಯಿಂದ ರೈಲು ಬಂದಾಗ ಹಳಿ ಮೊದಲು ಮುಟ್ಟಿದ್ದು ದಂಡನ್ನೇ, ಪೇಟೆಯನ್ನಲ್ಲ. ನೀರಿಗಾಗಿ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರೂ ಸುಮಾರು 13 ಚದರ ಮೈಲಿಯ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡು ತಮ್ಮ ಪ್ರತಿನಿಧಿಯಾದ ರೆಸಿಡೆಂಟನ ಆಡಳಿತಕ್ಕೆ ಬಿಟ್ಟರು. ಪೇಟೆಗಿಂತ ದಂಡಿನಲ್ಲೇ ಆಗ ಹೆಚ್ಚು ಜನ. ನಡುವೆ ಕಬ್ಬನ್ ಪಾರ್ಕ್. ಆಚೆ ಮಹಾರಾಜರ ಕಾನೂನು, ಈಚೆ ರೆಸಿಡೆಂಟನದು. 1898ರ ಪ್ಲೇಗ್ ಮಾತ್ರ ಈ ಗಡಿಯನ್ನು ಲೆಕ್ಕಿಸಲಿಲ್ಲ. ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರಗೆ ತರಲು ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದರೆ ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು.

1947ರ ಜುಲೈಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮುಂಚೆ, ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಊರುಗಳ ಪುರಸಭೆಗಳನ್ನು ಕೂಡಿಸಿ ಒಂದೇ ನಗರಪಾಲಿಕೆ ಮಾಡಿದರು. ಬ್ಲ್ಯಾಕ್‌ಪಲ್ಲಿ ಶಿವಾಜಿನಗರವಾಯಿತು, ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಯಿತು. ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್‌ಗಳು ಈಗಲೂ ತರಬೇತಿ ಪಡೆಯುತ್ತಾರೆ. ಹಳೆಯ ಕವಾಯತು ಮೈದಾನಕ್ಕೆ ಭಾರತೀಯ ಸೇನೆಯ ಫೀಲ್ಡ್ ಮಾರ್ಷಲ್ ಆದ ಮಾಣಿಕ್‌ಷಾ ಅವರ ಹೆಸರಿದೆ. ಸ್ವಾತಂತ್ರ್ಯ ದಿನದಂದು ಮುಖ್ಯಮಂತ್ರಿಗಳು ಧ್ವಜ ಹಾರಿಸುವುದು ಅಲ್ಲಿಯೇ.