ಅಂಗಳದ ಪೇವರ್‌ಗಳಿಗೆ ಮರಳಿನ ಆಯ್ಕೆ: ವೆಚ್ಚ ಅಲ್ಪ, ಹೊಣೆ ಅಧಿಕ

ಬಾಗಲಕೋಟೆ ಜಿಲ್ಲೆ ಕಲ್ಲಿನ ನಾಡು. ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಹಾಗೂ ಸುಣ್ಣದಕಲ್ಲನ್ನು ಆಧರಿಸಿದ ಸಿಮೆಂಟ್ ಉದ್ಯಮ ಈ ಭಾಗದ ವ್ಯಾಪಾರಕ್ಕೆ ಬಹುಕಾಲದಿಂದ ಆಸರೆಯಾಗಿವೆ. ಇವುಗಳ ಸಾಲಿಗೆ ಸಿಮೆಂಟ್ ಪೇವರ್ ಬ್ಲಾಕ್‌ಗಳ ತಯಾರಿಕೆಯೂ ಸೇರಿದೆ. ಮನೆಯ ಅಂಗಳ, ಗೋದಾಮಿನ ಆವರಣ, ಕಲ್ಯಾಣ ಮಂಟಪ, ಪೆಟ್ರೋಲ್ ಪಂಪ್ ಮುಂತಾದೆಡೆ ಪೇವರ್ ಹಾಸುವುದು ಸಾಮಾನ್ಯವಾಗಿದೆ. ಆದರೆ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಹಾಸು ಕುಸಿದರೆ ದೂರು ನೇರವಾಗಿ ಬ್ಲಾಕ್ ತಯಾರಕರ ಬಾಗಿಲಿಗೆ ಬರುತ್ತದೆ. ಬಾಕಿ ಹಣ ತಡೆಹಿಡಿಯಲ್ಪಡುತ್ತದೆ. ಬ್ಲಾಕ್ ಒಡೆಯದೆ, ಸವೆಯದೆ ಕೇವಲ ತಗ್ಗಿಗೆ ಇಳಿದಿದ್ದರೆ ದೋಷವನ್ನು ಹುಡುಕಬೇಕಾದುದು ಅದರ ಕೆಳಗೆ ಮತ್ತು ಅದರ ಪಕ್ಕದ ಸಂದಿನಲ್ಲಿ. ಅಲ್ಲಿರುವುದು ಮರಳು, ನಮ್ಮ ಭಾಗದ ಆಡುಮಾತಿನಲ್ಲಿ ಉಸುಕು.

ಎರಡು ಕೆಲಸ, ಎರಡು ಮರಳು

ಪೇವರ್ ಹಾಸಿನಲ್ಲಿ ಮರಳು ಎರಡು ಭಿನ್ನ ಕಾರ್ಯಗಳನ್ನು ನಿರ್ವಹಿಸುತ್ತದೆ. ಬ್ಲಾಕಿನ ಅಡಿಯಲ್ಲಿರುವ ಹಾಸು ಮರಳು ಸಮತಟ್ಟಾದ ಆಧಾರ ನೀಡಿ, ಇಳಿದ ನೀರನ್ನು ಹೊರಗೆ ಸಾಗಿಸುತ್ತದೆ. ಸಂದುಗಳಲ್ಲಿ ತುಂಬುವ ಮರಳು ಒಂದು ಬ್ಲಾಕನ್ನು ಇನ್ನೊಂದರೊಡನೆ ಘರ್ಷಣೆಯಿಂದ ಬಿಗಿದು, ಒಂದರ ಮೇಲೆ ಬಿದ್ದ ಭಾರವನ್ನು ನೆರೆಯವುಗಳಿಗೆ ಹಂಚುತ್ತದೆ. ಚಾಲುಕ್ಯರ ಕಾಲದ ಶಿಲ್ಪಿಗಳು ಪಟ್ಟದಕಲ್ಲಿನ ದೇವಾಲಯಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನಿರಿಸಿದರು. ಅಲ್ಲಿ ಕಲ್ಲಿನ ತೂಕವೇ ಬಂಧನ. 60 ಮಿ.ಮೀ. ದಪ್ಪದ ಸಣ್ಣ ಬ್ಲಾಕಿಗೆ ಅಂತಹ ತೂಕವಿಲ್ಲ. ಸಂದಿನ ಮರಳೇ ಅದರ ಬಂಧನ.

ಭಾರತೀಯ ರಸ್ತೆ ಕಾಂಗ್ರೆಸ್ 2004ರಲ್ಲಿ ಪ್ರಕಟಿಸಿದ ಎಸ್.ಪಿ. 63 ಮಾರ್ಗಸೂಚಿ ಈ ಎರಡು ಮರಳುಗಳಿಗೆ ಬೇರೆ ಬೇರೆ ಜರಡಿ ಪ್ರಮಾಣಗಳನ್ನು ನಿಗದಿಪಡಿಸಿದೆ. ಹಾಸು ಮರಳು ಒರಟಾಗಿರಬೇಕು: 4.75 ಮಿ.ಮೀ. ಜರಡಿಯಲ್ಲಿ ಶೇ. 95ರಿಂದ 100ರಷ್ಟು ಇಳಿಯಬೇಕು. 150 ಮೈಕ್ರಾನ್ ಜರಡಿಯಲ್ಲಿ ಶೇ. 15ಕ್ಕಿಂತ ಹೆಚ್ಚು ಇಳಿಯಬಾರದು. ಸಂದಿನ ಮರಳು ನುಣುಪಾಗಿರಬೇಕು: 2.36 ಮಿ.ಮೀ. ಜರಡಿಯಲ್ಲಿ ಪೂರ್ತಿ, 1.18 ಮಿ.ಮೀ. ಜರಡಿಯಲ್ಲಿ ಶೇ. 90ರಿಂದ 100ರಷ್ಟು ಇಳಿಯಬೇಕು. ಸಂದಿನ ಅಗಲ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಮಾತ್ರ ಇರುವುದರಿಂದ ಒರಟು ಮರಳಿನ ಹರಳು ಬಾಯಲ್ಲಿಯೇ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ಮೇಲಿನಿಂದ ನೋಡಿದವರಿಗೆ ಸಂದು ತುಂಬಿದಂತೆಯೇ ಕಾಣುತ್ತದೆ.

ದೊರೆಯುವ ಮರಳುಗಳ ಗುಣದೋಷ

ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಹರಿಯುವ ಜಿಲ್ಲೆಯಲ್ಲಿ ನದಿ ಮರಳಿನ ಮೇಲೆ ಜನರಿಗೆ ಹೆಚ್ಚಿನ ನಂಬಿಕೆ. ಸ್ವಚ್ಛವಾದ ಒರಟು ನದಿ ಮರಳು ಹಾಸಿಗೆ ಉತ್ತಮವೇ ಸರಿ. ಆದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಇಲ್ಲದ ಮರಳನ್ನು ಖರೀದಿಸಿದರೆ ದಂಡದ ಭಯವಷ್ಟೇ ಅಲ್ಲ, ಲೆಕ್ಕಪತ್ರದಲ್ಲಿ ವೆಚ್ಚಕ್ಕೆ ಆಧಾರವೂ ಇರುವುದಿಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಪರ್ಮಿಟ್ ಒದಗಿಸದಿದ್ದರೆ ರಾಜಧನವನ್ನು ಬಿಲ್ಲಿನಿಂದ ಕಡಿತ ಮಾಡುವುದುಂಟು.

ಕಲ್ಲನ್ನು ಒಡೆದು ತಯಾರಿಸುವ ಎಂ-ಸ್ಯಾಂಡ್‌ನ ಹರಳುಗಳಿಗೆ ಕೋನಗಳಿರುವುದರಿಂದ ಅವು ಒಂದಕ್ಕೊಂದು ಬಿಗಿಯಾಗಿ ಕೂರುತ್ತವೆ. 2016ರಲ್ಲಿ ಪರಿಷ್ಕೃತವಾದ ಐ.ಎಸ್. 383 ಮಾನಕ ಇಂತಹ ತಯಾರಿತ ಮರಳಿಗೂ ಸ್ಥಾನ ನೀಡಿದೆ. ತೊಳೆದ ಎಂ-ಸ್ಯಾಂಡ್ ಹಾಸಿಗೆ ಯೋಗ್ಯ. ಗಿಲಾವಿಗೆ ಬಳಸುವ ಪಿ-ಸ್ಯಾಂಡನ್ನು ಪೂರ್ಣವಾಗಿ ಒಣಗಿಸಿ ಜರಡಿ ಹಿಡಿದರೆ ಸಂದಿಗೆ ಬಳಸಬಹುದು.

ಕ್ರಷರ್ ಡಸ್ಟ್ ಎಂ-ಸ್ಯಾಂಡ್ ಅಲ್ಲವೆಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಅದರಲ್ಲಿನ ಹುಡಿ ನೀರನ್ನು ಹಿಡಿದಿಡುತ್ತದೆ. ವಾಹನ ಹಾದಾಗ ಕೆಸರಾಗಿ ಸಂದಿನಿಂದ ಮೇಲಕ್ಕೆ ಚಿಮ್ಮುತ್ತದೆ. ಅಷ್ಟು ಜಾಗ ಬರಿದಾಗಿ ಬ್ಲಾಕ್ ಕುಸಿಯುತ್ತದೆ. ಗ್ರಾನೈಟ್ ಕೊಯ್ಯುವ ಹಾಗೂ ಪಾಲಿಶ್ ಮಾಡುವ ಘಟಕಗಳ ಒಣಗಿದ ರಾಡಿಯಂತೂ ಇನ್ನೂ ನುಣುಪು. ಪುಕ್ಕಟೆ ದೊರೆಯಿತೆಂದು ಅದನ್ನು ಪೇವರ್ ಅಡಿಯಲ್ಲಾಗಲಿ ಸಂದಿನಲ್ಲಾಗಲಿ ಬಳಸತಕ್ಕದ್ದಲ್ಲ. ಮಣ್ಣು ತೊಳೆದು ತೆಗೆದ ಫಿಲ್ಟರ್ ಮರಳಿನಲ್ಲಿ ಜೇಡಿ ಉಳಿದಿರುತ್ತದಾದ್ದರಿಂದ ಅದೂ ವರ್ಜ್ಯ.

ಸ್ಥಳದಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಪಾರದರ್ಶಕ ಬಾಟಲಿಯಲ್ಲಿ ಅರ್ಧದಷ್ಟು ಮರಳು ತುಂಬಿ, ಚಿಟಿಕೆ ಉಪ್ಪು ಬೆರೆಸಿದ ನೀರು ಹಾಕಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಬೇಕು. ಮರಳಿನ ಮೇಲೆ ಕೂತ ಹೂಳಿನ ಪದರ ಮರಳಿನ ಎತ್ತರದ ಶೇ. 8ನ್ನು ಮೀರಿದರೆ ಆ ಲೋಡನ್ನು ತಿರಸ್ಕರಿಸುವುದು ಲೇಸು.

ಎರಡನೆಯದು ಅಳತೆಗೆ ಸಂಬಂಧಿಸಿದ್ದು. ಹಸಿ ಮರಳು ಉಬ್ಬುತ್ತದೆ. ನೇರ ಗೋಡೆಯ ಪಾತ್ರೆಯಲ್ಲಿ 200 ಮಿ.ಮೀ. ಎತ್ತರಕ್ಕೆ ಹಸಿ ಮರಳನ್ನು ತುಂಬಿ, ನೀರು ತುಂಬಿಸಿ ಕಲಕಿದಾಗ ಅದು 160 ಮಿ.ಮೀ.ಗೆ ಇಳಿದರೆ ಉಬ್ಬರ ಶೇ. 25. ಅಂದರೆ ಬ್ರಾಸ್ ಲೆಕ್ಕದಲ್ಲಿ 100 ಘನ ಅಡಿಗೆ ಹಣ ಕೊಟ್ಟವರಿಗೆ ದಕ್ಕಿದ್ದು 80 ಘನ ಅಡಿ ಮಾತ್ರ.

ಪ್ರಮಾಣದ ಲೆಕ್ಕ

100 ಚದರ ಮೀಟರ್ ಅಂಗಳಕ್ಕೆ 200 x 100 ಮಿ.ಮೀ. ಅಳತೆಯ, 60 ಮಿ.ಮೀ. ದಪ್ಪದ ಬ್ಲಾಕ್ ಹಾಸುವುದೆಂದಿಟ್ಟುಕೊಳ್ಳೋಣ. 3 ಮಿ.ಮೀ. ಸಂದು ಬಿಟ್ಟರೆ ಸುಮಾರು 4,780 ಬ್ಲಾಕ್ ಬೇಕಾಗುತ್ತವೆ. 30 ಮಿ.ಮೀ. ಹಾಸಿಗೆ 3 ಘನ ಮೀಟರ್, ಒತ್ತುವಿಕೆಯ ಕುಗ್ಗು ಹಾಗೂ ಪೋಲು ಸೇರಿ ಸುಮಾರು 3.75 ಘನ ಮೀಟರ್ ಅಂದರೆ ಒಂದೂಕಾಲು ಬ್ರಾಸಿಗಿಂತ ತುಸು ಹೆಚ್ಚು ಮರಳು ಸಾಕು. ಸಂದುಗಳಿಗೆ ಬೇಕಾದುದು ಕೇವಲ 0.26 ಘನ ಮೀಟರ್. ಸುಮಾರು ಎಂಟು ಸಿಮೆಂಟ್ ಚೀಲ ತುಂಬುವಷ್ಟು. ಈ ಎಂಟು ಚೀಲದಲ್ಲಿ ಉಳಿತಾಯ ಮಾಡಹೊರಟವರು 4,780 ಬ್ಲಾಕುಗಳನ್ನು ಕಿತ್ತು ಮರುಹಾಸುವ ಕೂಲಿಗೆ ಗುರಿಯಾಗುತ್ತಾರೆ.

ಹಾಸುವ ಕ್ರಮ

ಎರೆಮಣ್ಣಿನ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಮೇಲಿನ ಎರೆಯನ್ನು ತೆಗೆದು ಗರಸು ಮತ್ತು ಖಡಿಯನ್ನು ಪದರ ಪದರವಾಗಿ ದಮ್ಮಸ್ಸು ಮಾಡುವುದು ಅವಶ್ಯ. ತಳಪಾಯದ ತಗ್ಗುಗಳನ್ನು ಹಾಸು ಮರಳಿನಿಂದ ಮುಚ್ಚಬಾರದು. ಮರಳಿನ ದಪ್ಪ ಎಲ್ಲೆಡೆ ಒಂದೇ ಸಮನಾಗಿ 20ರಿಂದ 40 ಮಿ.ಮೀ. ಒಳಗಿರಬೇಕು. ಅಂಚಿಗೆ ಗಟ್ಟಿಯಾದ ಕಟ್ಟು ಇಲ್ಲದಿದ್ದರೆ ಎಂತಹ ಮರಳೂ ಜರುಗುತ್ತದೆ. ಬ್ಲಾಕ್ ಜೋಡಿಸಿದ ಮೇಲೆ ಪ್ಲೇಟ್ ವೈಬ್ರೇಟರ್ ಓಡಿಸಿ, ಒಣ ಮರಳನ್ನು ಪೊರಕೆಯಿಂದ ಸಂದಿಗೆ ಗುಡಿಸಿ, ಮತ್ತೆ ವೈಬ್ರೇಟರ್ ಓಡಿಸಬೇಕು. ಸಂದು ತುಂಬುವವರೆಗೆ ಇದನ್ನು ಪುನರಾವರ್ತಿಸಿ, ಒಂದೆರಡು ವಾರಗಳ ನಂತರ ಇನ್ನೊಮ್ಮೆ ಮರಳು ತುಂಬುವುದು ಒಳ್ಳೆಯದು.

ಸಂದಿಗೆ ಸಿಮೆಂಟ್ ಬೆರೆಸಿದರೆ ಗಟ್ಟಿಯಾಗುವುದೆಂಬ ಭಾವನೆ ವ್ಯಾಪಕವಾಗಿದೆ. ಮರಳಿನ ಮೇಲಿನ ಹಾಸು ಭಾರಕ್ಕೆ ತುಸು ಬಾಗುವ ಸ್ವಭಾವದ್ದು. ಸಿಮೆಂಟ್ ಸಂದು ಬಾಗದೆ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಹಾಸು ಮರಳನ್ನು ಕೊಚ್ಚುತ್ತದೆ. ಸಿಮೆಂಟ್ ಸಂದು ಸಲ್ಲುವುದು ಗಾರೆಯ ಮೇಲೆ ಕೂರಿಸಿದ ಗ್ರಾನೈಟ್ ಅಥವಾ ಫರ್ಸಿ ಕಲ್ಲಿಗೆ. ಅಂಟು ಬೆರೆಸಿದ ಪಾಲಿಮರ್ ಮರಳು ದುಬಾರಿ. ಇಳಿಜಾರಿನಲ್ಲಿ ಮತ್ತು ಪದೇ ಪದೇ ನೀರು ಹಾಯಿಸಿ ತೊಳೆಯುವಲ್ಲಿ ಅದರಿಂದ ಪ್ರಯೋಜನವಿದೆ. ಅದನ್ನು ಒಣ ಹವೆಯಲ್ಲಿ ತುಂಬಿ, ಬ್ಲಾಕಿನ ಮೇಲಿನ ಪುಡಿಯನ್ನು ಪೂರ್ತಿ ಗುಡಿಸಿದ ನಂತರವೇ ನೀರು ಚಿಮುಕಿಸಬೇಕು. ಇಲ್ಲವಾದರೆ ಬ್ಲಾಕಿನ ಮೇಲೆ ಬಿಳಿ ಕಲೆ ಉಳಿಯುತ್ತದೆ.

ಕರಾರು ಮತ್ತು ಲೆಕ್ಕಪತ್ರ

ಬ್ಲಾಕ್ ಒಬ್ಬರದು, ಮರಳು ಇನ್ನೊಬ್ಬರದು, ಹಾಸುವ ಕೂಲಿ ಮತ್ತೊಬ್ಬರದಾದಾಗ ಹೊಣೆ ಯಾರದೂ ಆಗದೆ, ಕೊನೆಗೆ ಬಾಕಿ ಬರಬೇಕಾದವರ ಮೇಲೆ ಬೀಳುತ್ತದೆ. ಹಾಸು ಮರಳು ಯಾವುದು, ಸಂದಿನ ಮರಳು ಯಾವುದು, ಒದಗಿಸುವವರು ಯಾರು ಎಂಬುದನ್ನು ದರಪಟ್ಟಿಯಲ್ಲಿಯೇ ನಮೂದಿಸಬೇಕು. ಪ್ರತಿ ಲೋಡಿನ ಪರ್ಮಿಟ್, ಬಿಲ್ಲು ಮತ್ತು ಹೂಳು ಪರೀಕ್ಷೆಯ ಟಿಪ್ಪಣಿಯನ್ನು ಕಡತದಲ್ಲಿಡಬೇಕು. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯ ಪ್ರಕಾರ ಸರಕಿನ ಬಗೆಗೆ ಖರೀದಿದಾರರ ಲಿಖಿತ ಆಕ್ಷೇಪಣೆ 15 ದಿನಗಳೊಳಗೆ ಬಾರದಿದ್ದರೆ ಸರಕು ಸ್ವೀಕೃತವಾದಂತೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಪಾವತಿಯ ಅವಧಿಯನ್ನು ಕರಾರಿನಿಂದಲೂ 45 ದಿನಗಳಿಗಿಂತ ಹೆಚ್ಚಿಸುವಂತಿಲ್ಲ. ಈ ರಕ್ಷಣೆಯನ್ನು ಬಯಸುವ ತಯಾರಕರು ಉದ್ಯಮ್ ನೋಂದಣಿ ಹೊಂದಿರುವುದು ಹಿತಕರ.

ತಮ್ಮದೇ ಗೋದಾಮಿನ ಅಂಗಳಕ್ಕೆ ಪೇವರ್ ಹಾಸಿ ಆ ವೆಚ್ಚವನ್ನು ಸ್ಥಿರಾಸ್ತಿಯ ಮೌಲ್ಯಕ್ಕೆ ಸೇರಿಸುವ ವರ್ತಕರಿಗೆ, ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನ ಮೇರೆಗೆ ಅದರ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದ್ದರಿಂದ ಅಂದಾಜು ತಯಾರಿಸುವಾಗ ತೆರಿಗೆಯನ್ನೂ ವೆಚ್ಚವೆಂದೇ ಎಣಿಸಬೇಕು. ಮರುಹಾಸುವ ಪ್ರಸಂಗ ಬಂದರೆ ಆ ಹೊರೆಯೂ ಎರಡನೆಯ ಬಾರಿ ಬೀಳುತ್ತದೆ. ಲೋಡು ಇಳಿಸಿಕೊಳ್ಳುವ ಮುನ್ನ ಒಂದು ಬಾಟಲಿ ನೀರಿನಲ್ಲಿ ಮರಳನ್ನು ಕುಲುಕಿ ನೋಡುವ ಮೂರು ಗಂಟೆಯ ತಾಳ್ಮೆ ಈ ನಷ್ಟವನ್ನು ತಪ್ಪಿಸಬಲ್ಲದು.